ಹರಿದ ಎಳೆಗಳ ಚಿತ್ರ

ಬೆಟಗೇರಿಯಲ್ಲಿ ನಲವತ್ತು ವರ್ಷ ಹಾಸು ಕೆಚ್ಚಿದವಳು ನಾನು. ಮಗ್ಗದ ಮೇಲಿನ ಉದ್ದದ ಎಳೆಗಳೇ ಹಾಸು. ಅದು ಮುಗಿಯುತ್ತ ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದು ತುದಿಗೂ ಹೊಸ ಎಳೆ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಒಂದು ಎಳೆ ಬಿಟ್ಟರೂ ಸೀರೆ ತುಂಬ ಗೆರೆ ಬೀಳುತ್ತದೆ.

ಹೋದ ವರ್ಷ ಪಕ್ಕದ ಮನೆಯ ರೇಣುಕಾ ಒಂದು ಚಿತ್ರ ತಂದಳು. ಅವಳ ಅವ್ವ ಶಾಂತವ್ವನ ಮಗ್ಗಕ್ಕೆ ಕೆಚ್ಚುತ್ತಿದ್ದವಳು ನಾನೇ. ಶಾಂತವ್ವ ತೀರಿ ಮೂರು ವರ್ಷ. ಮಗಳು ಗದಗಿನಲ್ಲಿ ಚಿತ್ರಕಲೆ ಕಲಿತಿದ್ದಾಳೆ. ಬಿಳಿ ಹಾಳೆ, ಕರಿ ಇಂಕು. ಹೊಳೆಯ ನಡುವೆ ಮಗ್ಗ. ತಲೆಯಿಲ್ಲದ ಸೀರೆಯೊಂದು ತಾನೇ ಕುಳಿತು ನೇಯುತ್ತಿದೆ. ಎಳೆಗಳ ನಡುವೆ ಮೀನು.

"ಹೊಳ್ಯಾಗ ಯಾರರ ಮಗ್ಗ ಹೂಡ್ತಾರೇನ? ಸೀರಿಗೆ ತಲಿ ಎಲ್ಲೈತಿ?"

"ಇದಕ್ಕ ಸರ್ರಿಯಲಿಸಂ ಅಂತಾರ, ಆಯಿ. ಕನಸಿನ್ಯಾಗ ಕಂಡಂಗ ತೆಗೆಯೂದು."

"ನನಗ ಇಂಥಾ ಕನಸ ಬಿದ್ರ ಎದ್ದು ನೀರ ಕುಡೀತೀನಿ."

ಲಕ್ಷ್ಮೇಶ್ವರದ ಮಾಸ್ತರರೊಬ್ಬರು ಸಂಜೆ ಬಂದು ಅದನ್ನು ಕೊಳ್ಳುವವರಿದ್ದರು. ಅವಳ ಚಿತ್ರಕ್ಕೆ ಗಿರಾಕಿ ಸಿಕ್ಕಿದ್ದು ಅದೇ ಮೊದಲು. ನೋಡಿಕೊಂಡಿರು ಎಂದು ಹೇಳಿ ಫ್ರೇಮು ತರಲು ಹೋದಳು.

ನೋಡಿದೆ. ನಟ್ಟನಡುವೆ ಎಳೆಗಳೆಲ್ಲ ಹರಿದಿದ್ದವು. ಅವಸರದಲ್ಲಿ ಬಿಟ್ಟಿದ್ದಾಳೆ, ಕೊಳ್ಳುವವರು ತಪ್ಪು ಹಿಡಿದಾರು ಎಂದುಕೊಂಡೆ. ಅವಳ ಪೆನ್ನು ಅಲ್ಲೇ ಇತ್ತು. ತುದಿಗೆ ತುದಿ ಕೂಡಿಸಿದೆ. ಅರವತ್ನಾಲ್ಕು ಎಳೆ. ಒಂದೂ ಸೊಟ್ಟಗಾಗಲಿಲ್ಲ.

ರೇಣುಕಾ ಬಂದವಳು ಫ್ರೇಮು ಹಿಡಿದುಕೊಂಡೇ ನಿಂತಳು. "ಏನ ಮಾಡ್ದಿ, ಆಯಿ?"

"ಹರಿದಿದ್ವು. ಕೆಚ್ಚಿದೆ."

"ಬೇಕಂತನ ಹಂಗ ತೆಗದಿದ್ದೆ. ಅವ್ವ ಹೋದ ಮ್ಯಾಲೆ ಮಗ್ಗ ಹಂಗ ಐತೆಲ್ಲ."

ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಮಾಸ್ತರರು ಬಂದಾಗ ನಾನೇ ಮುಂದೆ ಹೋದೆ. "ಕೆಡಿಸಿದಾಕಿ ನಾನ್ರಿ. ಹುಡುಗೀದು ತಪ್ಪಿಲ್ಲ."

ಅವರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. "ಫೋನಿನ್ಯಾಗ ನೋಡಿದ್ದು ಹರಿದ ಎಳಿದ್ದು. ನನಗ ಅದ ಬೇಕಾಗಿತ್ತು. ಇನ್ನೊಮ್ಮೆ ತೆಗಿತಿಯೇನವಾ? ತಿಂಗಳ ಬಿಟ್ಟು ಬರ್ತೀನಿ."

ಹಾಗೆ ತೆಗೆದ ಎರಡನೆಯ ಚಿತ್ರ ಈಗ ಲಕ್ಷ್ಮೇಶ್ವರದಲ್ಲಿದೆ. ನಾನು ಕೆಚ್ಚಿದ್ದನ್ನು ಅವಳು ಬಿಸಾಡಲಿಲ್ಲ, ಅವ್ವನ ಮಗ್ಗದ ಮೇಲೆ ಇಟ್ಟಿದ್ದಾಳೆ.

ನಲವತ್ತು ವರ್ಷ ಯಾರ ಮಗ್ಗಕ್ಕೂ ಕರೆಯದೆ ಹೋದವಳಲ್ಲ. ಹರಿದದ್ದು ಕಂಡರೂ ಕೇಳಿಯೇ ಕೈ ಹಾಕಬೇಕು. ಹಾಳೆಯ ಮೇಲಿನ ಮಗ್ಗಕ್ಕೂ ಅದೇ ಮಾತು ಎಂದು ತಿಳಿದದ್ದು ಆವತ್ತು.

ಎರಡನೆಯದನ್ನು ಅವಳು ತೆಗೆದದ್ದು ನನ್ನ ಪಡಸಾಲೆಯಲ್ಲಿ. ನಾನು ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕುಳಿತಿದ್ದೆ. ನಡುಮಧ್ಯಕ್ಕೆ ಬಂದಾಗ ಪೆನ್ನು ಎತ್ತಿ ನನ್ನ ಮುಖ ನೋಡಿದಳು.

"ಇಲ್ಲಿ ಹಂಗ ಬಿಡ್ಲ್ಯಾ, ಆಯಿ?"

"ಬಿಡು."