ನೆರಳಲ್ಲಿ ಒಣಗಿದ ಮಣ್ಣು

ಗುಬ್ಬಿ, ಕುಣಿಗಲ್ ಸೀಮೆಯ ರೈತರಿಗೆ ಹೊಲದ ಮಣ್ಣು ತೆಗೆಯುವ ಕ್ರಮವನ್ನು ಹೇಳಿಕೊಡುವುದೇ ಮೂಡಲಗಿರಿಯಪ್ಪನ ಕಸುಬು. ಹಾಗಲವಾಡಿಯಲ್ಲಿ ಬೆಳೆದು, ಬಿ.ಎಸ್ಸಿ. ಮುಗಿಸಿ, ಗೊಬ್ಬರದ ಕಂಪನಿಯೊಂದು ತುಮಕೂರಿನಲ್ಲಿ ತೆರೆದಿದ್ದ ಮಣ್ಣು ಪರೀಕ್ಷೆಯ ಪ್ರಯೋಗಾಲಯಕ್ಕೆ ಸೇರಿದವನು. ಹತ್ತಾರು ಕಡೆ ಗೇಣುದ್ದ ಗುಳಿ ತೋಡಿ, ಎಲ್ಲ ಮಣ್ಣನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ ತನ್ನಿ: ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ಹೆಬ್ಬೂರು ಬಸ್ಸಿನ ಕಂಡಕ್ಟರನಿಗೂ ಅದು ಬಾಯಿಪಾಠವಾಗಿತ್ತು.

೧೯೭೯ರ ಬೇಸಿಗೆಯಲ್ಲಿ ಶಿರಾ ಗೇಟಿನ ಪೆಟ್ರೋಲ್ ಬಂಕಿನ ಮಣ್ಣು ಅವನ ಪಾಲಿಗೆ ಬಂತು. ಬಂಕಿನ ಹಿಂದಿನ ಮನೆಯ ಫಾತಿಮುನ್ನೀಸಾ ಶ್ಯಾವಿಗೆ ಹೊಸೆದು ಮಾರಿ ಸಂಸಾರ ತೂಗಿಸುತ್ತಿದ್ದ ವಿಧವೆ. ಅವಳ ಬಾವಿಯ ನೀರಿಗೆ ಪೆಟ್ರೋಲಿನಂಥ ವಾಸನೆ ಹತ್ತಿ, ಶ್ಯಾವಿಗೆಯನ್ನು ಯಾರೂ ಕೊಳ್ಳದಂತಾಗಿತ್ತು. ಬಂಕಿನ ಯಜಮಾನ ಏಕಾಂತಯ್ಯನೋ, ನೆಲದಡಿಯ ತನ್ನ ಟ್ಯಾಂಕು ಸೋರುತ್ತಿದೆಯೆಂದರೆ ಒಪ್ಪುತ್ತಿರಲಿಲ್ಲ.

"ಲಾರಿಯವ್ರು ನಿನ್ನ ಗೋಡೆ ಪಕ್ಕಾನೇ ಎಂಜಿನ್ ತೊಳೀತಾರೆ, ನಾನೇನ್ ಮಾಡ್ಲಮ್ಮಾ? ಮಣ್ಣು ಪರೀಕ್ಷೆ ಆಗ್ಲಿ. ಪೆಟ್ರೋಲ್ ಸಿಕ್ರೆ ಟ್ಯಾಂಕ್ ಕೀಳಿಸ್ತೀನಿ. ಸಿಗ್ಲಿಲ್ಲಾಂದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು."

"ಬಾಯಿ ಮುಚ್ಕೋತೀನಿ ಸಾಹುಕಾರ್ರೆ. ಮೂಗು ಮುಚ್ಕೊಂಡು ಎಷ್ಟೊತ್ತು ಇರ್ಲಿ?"

ಮೂಡಲಗಿರಿಯಪ್ಪ ಬಂಕಿನ ಸುತ್ತ ಗುಳಿ ತೋಡಿ, ಮಣ್ಣು ಬೆರೆಸಿ, ಪ್ರಯೋಗಾಲಯದ ಜಗಲಿಯಲ್ಲಿ ಹರಡಿದ. ಮೊದಲು ಕೊಂಚ ವಾಸನೆಯಿತ್ತು; ಆಮೇಲೆ ಅದೂ ಹೋಯಿತು. ಮಣ್ಣು ಚೆನ್ನಾಗಿ ಒಣಗಿತೆಂದು ಅವನಿಗೆ ಸಮಾಧಾನ. ನೀರಿನೊಡನೆ ಕುದಿಸಿ ಆವಿಯನ್ನು ತಣಿಸಿ ಇಳಿಸಿದರೆ, ಪೆಟ್ರೋಲ್ ಇದ್ದಲ್ಲಿ ಅದು ನೀರಿನ ಮೇಲೆ ಪದರವಾಗಿ ತೇಲಬೇಕು. ತೇಲಲಿಲ್ಲ. 'ಪೆಟ್ರೋಲ್ ಇಲ್ಲ' ಎಂದು ಬರೆದುಕೊಟ್ಟ.

ಸುದ್ದಿ ಹೇಳಲು ಹೋದಾಗ ಫಾತಿಮುನ್ನೀಸಾ ಒಂದು ಕೊಡ ನೀರು ಸೇದಿ ಅವನ ಮುಂದಿಟ್ಟಳು. ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು.

"ಪರೀಕ್ಷೆ ಸರಿಯಾಗೇ ಮಾಡಿದೀನಿ ಫಾತಿಮಮ್ಮ. ಮಣ್ಣು ಬೆರೆಸ್ದೆ, ನೆರಳಲ್ಲಿ ಒಣಗಿಸ್ದೆ..."

ಆ ಮಾತಿನಲ್ಲೇ ತನ್ನ ತಪ್ಪು ಅವನಿಗೆ ಹೊಳೆಯಿತು. ಹೊಲದ ಮಣ್ಣಿನ ಸುಣ್ಣ, ಪೊಟ್ಯಾಷ್ ಗಾಳಿಗೆ ಹಾರುವುದಿಲ್ಲ. ಪೆಟ್ರೋಲ್ ಹಾರುತ್ತದೆ. ತಾನು ಹುಡುಕಬೇಕಾದದ್ದನ್ನು ತಾನೇ ಜಗಲಿಯಲ್ಲಿ ಹರಡಿ ಗಾಳಿಗೆ ಬಿಟ್ಟಿದ್ದ. ಸಾಲದ್ದಕ್ಕೆ, ಆಳುದ್ದ ಕೆಳಗಿದ್ದ ಟ್ಯಾಂಕಿನ ಸೋರಿಕೆಯನ್ನು ಗೇಣುದ್ದದ ಗುಳಿಯಲ್ಲಿ ಹುಡುಕಿದ್ದ.

ನೇರ ಬಂಕಿಗೆ ಹೋಗಿ, ವರದಿ ತಪ್ಪು, ಮತ್ತೆ ಮಣ್ಣು ತೆಗೆಯಬೇಕು ಎಂದ. ಏಕಾಂತಯ್ಯ ನಕ್ಕ.

"ಏನ್ ಸ್ವಾಮಿ, ನಿಮ್ಗೆ ಬೇಕಾದ ಉತ್ತರ ಬರೋಗಂಟ ಅಗೀತಾನೇ ಇರ್ತೀರೋ?"

ಆ ಪ್ರಶ್ನೆ ನ್ಯಾಯವಾದದ್ದೆಂದು ಮೂಡಲಗಿರಿಯಪ್ಪನಿಗೇ ಅನ್ನಿಸಿತು. ತುಸು ಯೋಚಿಸಿ ಹೇಳಿದ: "ರಸ್ತೆ ಆಚೆ ನೀವೇ ಒಂದ್ ಜಾಗ ತೋರ್ಸಿ. ಅಲ್ಲೂ ಅಷ್ಟೇ ಆಳಕ್ಕೆ ತೆಗೀತೀನಿ, ಎರಡನ್ನೂ ನಿಮ್ಮ ಎದುರೇ ಕುದಿಸ್ತೀನಿ. ಎರಡೂ ಒಂದೇ ಥರ ಬಂದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ."

"ಅಂಗನ್ನಿ ಮತ್ತೆ," ಎಂದ ಏಕಾಂತಯ್ಯ, ಎದುರಿನ ಹುಣಸೆಮರದ ಬುಡ ತೋರಿಸಿದ.

ಈ ಸಲ ಉದ್ದ ಹಿಡಿಯ ಬೈರಿಗೆಯನ್ನು ಟ್ಯಾಂಕಿನ ತಳಕ್ಕಿಂತ ಕೆಳಗೆ ಇಳಿಸಿದ್ದಾಯಿತು. ಹಸಿಮಣ್ಣನ್ನು ಬೆರೆಸದೆ, ಆರಗೊಡದೆ, ಫಾತಿಮುನ್ನೀಸಾ ತೊಳೆದು ಕೊಟ್ಟ ಉಪ್ಪಿನಕಾಯಿ ಭರಣಿಗಳಿಗೆ ಕಂಠಮಟ್ಟ ತುಂಬಿ, ಮುಚ್ಚಳಕ್ಕೆ ಅಲ್ಲೇ ಅರಗು ಹಾಕಿದ.

ಹುಣಸೆಮರದ ಮಣ್ಣಿನಿಂದ ಬರೀ ನೀರು ಇಳಿಯಿತು. ಬಂಕಿನ ಮಣ್ಣಿನಿಂದ ಇಳಿದ ನೀರಿನ ಮೇಲೆ ತೆಳುವಾದ ಪದರ ತೇಲಿತು. ಅದನ್ನು ತಟ್ಟೆಗೆ ಬಸಿದು ಕಡ್ಡಿ ಗೀರಿದಾಗ ಭಗ್ಗೆಂದಿತು. ಏಕಾಂತಯ್ಯ ಒಂದು ಹೆಜ್ಜೆ ಹಿಂದೆ ಸರಿದ.

"ಕೀಳಿಸ್ತೀನಿ ಬುಡಿ," ಎಂದ.

ಟ್ಯಾಂಕು ಮೇಲೆ ಬಂದಾಗ ಅದರ ತಳ ತುಕ್ಕು ಹಿಡಿದು ಜರಡಿಯಾಗಿತ್ತು. ಬಾವಿ ಮಾತ್ರ ಅಷ್ಟಕ್ಕೇ ಸರಿಹೋಗಲಿಲ್ಲ. ಎಷ್ಟೋ ಮಳೆಗಾಲ ಕಳೆದರೂ ಆ ನೀರು ಕುಡಿಯುವಂತಾಗಲಿಲ್ಲ. ಫಾತಿಮುನ್ನೀಸಾ ಜಗಳವಾಡಿ ಬಂಕಿನ ನಲ್ಲಿಯಿಂದ ತನ್ನ ಮನೆಗೆ ಪೈಪು ಎಳೆಸಿಕೊಂಡು ಮತ್ತೆ ಹಿಟ್ಟು ಕಲಸಿದಳು. ರಂಜಾನಿಗೆ ಅವಳು ಕಳಿಸಿದ ಶ್ಯಾವಿಗೆಯನ್ನು ಮೂಡಲಗಿರಿಯಪ್ಪ ಮೊದಲು ಮೂಸಿ ನೋಡಿಯೇ ತಿಂದ.

ಬಸ್ಸಿನ ಕಂಡಕ್ಟರ್ ಎಂದಿನಂತೆ ರಾಗ ಎಳೆದ: "ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ..."

"ಅದು ಗೊಬ್ಬರದ ಲೆಕ್ಕಕ್ಕೆ ಮಾತ್ರ ಕಣಯ್ಯ," ಎಂದ ಮೂಡಲಗಿರಿಯಪ್ಪ. "ಏನು ಹುಡುಕ್ತಿದೀವಿ ಅಂತ ಮೊದ್ಲು ಕೇಳ್ಬೇಕು."