ಬಾಲ ತಪ್ಪಿದ ಹೆಸರು

ಹುಮನಾಬಾದಿನ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಜವಾನ ದೇವ್ಯಾ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಆದರೂ ಟೈಪಿಸ್ಟಾಗಿ ಸೇರಿದ ದಿನದಿಂದ ನಾನು ಅವನನ್ನು ದೇವ್ಯಾ ಎಂದೇ ಕರೆದೆ. ಎಲ್ಲರೂ ಕರೆಯುತ್ತಿದ್ದರು, ನಾನು ಹತ್ತರಲ್ಲಿ ಹನ್ನೊಂದನೆಯವನು. ಅವನು ತನ್ನೂರು ರಾಜೇಶ್ವರದಿಂದ ಬಸ್ಸಿಗೆ ಬರುವ ಮೊದಲು ಹೊಲದ ಬದುವಿನ ಗಿಡ ಕಿತ್ತು ತರುವನು. ರದ್ದಿ ಕಾಗದದ ನಡುವೆ ಒಣಗಿಸಿ, ಹಾಳೆಗೆ ಅಂಟಿಸಿ, ಮುತ್ತಿನಂಥ ಅಕ್ಷರದಲ್ಲಿ ಲ್ಯಾಟಿನ್ ಹೆಸರು ಬರೆಯುವನು.

ಹೋದ ವರ್ಷ ಬಸವಕಲ್ಯಾಣದ ಪ್ರದರ್ಶನಕ್ಕೆ ಅವನ ನಲವತ್ತು ಹಾಳೆ ಹೊರಟವು. ಒಂದರಲ್ಲಿ ‘ಲಿಂಡರ್ನಿಯಾ ಪುಸಿಲ್ಲಸ್’ ಎಂದಿತ್ತು. ಪಾಠ ಹೇಳುವ ಗಜಾಲಾ ಮೇಡಂ ನಕ್ಕರು.

“ಚಾಚಾ, ಪುಸಿಲ್ಲಾ ಆಗಬೇಕ್ರಿ. ಲಿಂಡರ್ನಿಯಾ ಹೆಣ್ಣು ಹೆಸರು. ಗಂಡಿಗೆ ಪುಸಿಲ್ಲಸ್, ಹೆಣ್ಣಿಗೆ ಪುಸಿಲ್ಲಾ, ಎರಡೂ ಅಲ್ಲದ್ದಕ್ಕ ಪುಸಿಲ್ಲಂ.”

“ಮರಾಠಿ ಛೋಟಾ, ಛೋಟಿ, ಛೋಟಂ ಇದ್ದಂಗ್ರಿ?”

“ಹೌದು ನೋಡ್ರಿ! ಪುಸುಸ್ ಅಂದ್ರ ಸಣ್ಣ ಹುಡುಗ. ಅದಕ್ಕ ಬಾಲ ಹಚ್ಚಿ ಇನ್ನೂ ಸಣ್ಣದು ಮಾಡ್ಯಾರ ಅಂತಾರ. ಮುದ್ದಿಗೂ ಅಂತಿದ್ರು, ಹೀನ ಮಾಡಾಕೂ ಅಂತಿದ್ರು.”

“ಅಂದ್ರ ನನ್ನ ಹೆಸರಿನಂಗ,” ಎಂದ ದೇವ್ಯಾ. “ನಮ್ಮವ್ವ ದೇವ್ಯಾ ಅಂದ್ರ ಹೊಟ್ಟಿ ತುಂಬತಿತ್ತು. ಇಲ್ಲಿ ಕರದ್ರ ಹೊಟ್ಟಿ ಉರೀತದ.”

ಪಕ್ಕದ ಮೇಜಿನಲ್ಲಿ ನಾನು ತಲೆ ಎತ್ತದೆ ಟೈಪ್ ಮಾಡುತ್ತಲೇ ಇದ್ದೆ. ನಾಚಿಕೆಯಾಗಿತ್ತು. ಇಷ್ಟು ವರ್ಷ ಇವನಿಗೆ ಬಾಯಿ ಇರಲಿಲ್ಲವೇ ಎಂದು ಸಿಟ್ಟೂ ಬಂದಿತ್ತು.

ಪ್ರದರ್ಶನದ ಗೋಡೆಗೆ ಅಂಟಿಸುವ ಗಿಡಗಳ ಪಟ್ಟಿ ಟೈಪ್ ಮಾಡುವುದು ನನ್ನ ಕೆಲಸ. ಸಂಜೆ ದೇವ್ಯಾ ಅದನ್ನು ಹಿಡಿದುಕೊಂಡು ಬಂದ.

“ಸಂಗಪ್ಪ ಸರ್, ಒಂದು ಬಾಲ ತಪ್ಪೇದ್ರಿ.”

ಪುಸಿಲ್ಲಾ ಹುಡುಕಿದೆ, ಸರಿಯಿತ್ತು. ಅವನ ಬೆರಳು ಕೊನೆಯ ಸಾಲಿನ ಮೇಲಿತ್ತು: ‘ಗಿಡ ಸಂಗ್ರಹಿಸಿದವರು: ದೇವ್ಯಾ.’

“ನಮ್ಮ ಮಗಳು ಆಮ್ರಪಾಲಿ ಕಲ್ಯಾಣದಾಗೇ ಓದಾಕತ್ತಾಳ್ರಿ. ನಾಳೆ ಗೆಳತೇರ ಮುಂದ ಇದನ್ನ ಓದತಾಳ. ದೇವಿದಾಸ ಅಂತ ಮಾಡ್ರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತನ್ನ ಹೆಸರನ್ನೇ ನನ್ನ ಹತ್ತಿರ ಬೇಡಿಕೊಂಡ. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಮರುದಿನ ಬೆಳಿಗ್ಗೆ ಹೆಸರು ತಿದ್ದಿದ ಹೊಸ ಪಟ್ಟಿ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದೆ. ಹಾಳೆಗಳ ಗಂಟು ಎದೆಗವಚಿಕೊಂಡು ಅವರು ಕಲ್ಯಾಣದ ಬಸ್ಸಿನತ್ತ ನಡೆದಿದ್ದರು.

“ದೇವಿದಾಸರೇ!” ಎಂದು ಕೂಗಿದೆ. ಹತ್ತಿರವೇ ಇದ್ದರು, ನಡೆಯುತ್ತಲೇ ಹೋದರು. ಮತ್ತೆ ಕೂಗಿದೆ. ಮೂರನೆಯ ಸಲವೂ ಕೂಗಿದೆ. ಕಂಡಕ್ಟರ್ ಸೀಟಿ ಊದಿದ. ಪಟ್ಟಿ ನನ್ನ ಕೈಯಲ್ಲೇ ಇತ್ತು.

“ದೇವ್ಯಾ!” ಎಂದೆ.

ಕೂಡಲೇ ತಿರುಗಿದರು. “ಏನ್ರಿ ಸರ್?”