ಹೊರ್ತಿಯ ದಾರಿಯಲ್ಲಿ ಪೆಟ್ರೋಲ್ ವಾಸನೆ

ಇಂದು ಬೆಳಿಗ್ಗೆ ಪಕ್ಕದ ಮನೆಯವರು ಬೈಕಿನ ಯಾವುದೋ ಭಾಗವನ್ನು ಕಳಚಿ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದರು. ಗಾಳಿ ನಮ್ಮ ಪಡಸಾಲೆಯ ಕಡೆಗೇ ಇತ್ತು. ನಾನು ರೊಟ್ಟಿಯ ತಟ್ಟೆಯನ್ನು ಸರಿಸಿಬಿಟ್ಟೆ. ಊರಿಗೆ ಬಂದಿದ್ದ ತಂಗಿ ಗಂಗವ್ವ, “ಇನ್ನೂ ಅದನ್ನ ಹಿಡಕೊಂಡ ಕುಂತೀಯೇನಣ್ಣ?” ಎಂದಳು. ಹೌದು, ಹಿಡಿದುಕೊಂಡೇ ಕುಳಿತಿದ್ದೇನೆ. ನನಗಾದ ಅವಮಾನಗಳನ್ನು ನಾನಲ್ಲದೆ ಮತ್ತಾರು ಕಾಯಬೇಕು? ಓದುಗರೇ, ನೀವೇ ಕೇಳಿ ನ್ಯಾಯ ಹೇಳಿ.

ಅರವತ್ತರ ದಶಕದ ಆರಂಭದ ಮಾತು. ಮುದ್ದೇಬಿಹಾಳದಲ್ಲಿ ನಮ್ಮದೊಂದು ಹಳೆಯ ಪಿಕಪ್ ಗಾಡಿ ಇತ್ತು. ಅದರ ಪೆಟ್ರೋಲ್ ಟಾಕಿ ಡ್ರೈವರನ ಸೀಟಿನ ಕೆಳಗೆ. ಮುಚ್ಚಳ ಎಂದೋ ಕಳೆದುಹೋಗಿ, ಟಾಕಿಯ ಬಾಯಿಗೆ ಒಂದು ಅರಿವೆಯನ್ನು ಬಿಗಿಯಾಗಿ ತುರುಕುವುದು ರೂಢಿಯಾಗಿತ್ತು. ಹೊಸ ಮುಚ್ಚಳ ತರಿಸಿರೆಂದು ನಾನು ಹೇಳುತ್ತಲೇ ಇದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಬೇರೆಯೇ ಪ್ರಕರಣ.

ಹೊರ್ತಿಗೆ ಕೊಟ್ಟಿದ್ದ ಗಂಗವ್ವನಿಗೆ ಚೊಚ್ಚಲ ಬಸಿರಿನ ಕುಬಸ, ಅಂದರೆ ಸೀಮಂತ. ತವರಿನ ಬುತ್ತಿ ಹೋಗಬೇಕು; ಬೀಗರ ಮನೆಯಲ್ಲಿ ಅವಳ ಮಾನ ಆ ಬುತ್ತಿಯಲ್ಲಿತ್ತು. ತಂದೆಯವರು ತೀರಿಕೊಂಡಿದ್ದರಿಂದ ಶುಭಕಾರ್ಯಕ್ಕೆ ಅವ್ವ ಬರುವಂತಿರಲಿಲ್ಲ. ಅವಳ ಬದಲು ಚಿಗವ್ವ ಹೊರಟಳು. ಧೂಳು ತಾಗದಿರಲೆಂದು ರೊಟ್ಟಿ, ಶೇಂಗಾ ಹೋಳಿಗೆಗಳ ಬುಟ್ಟಿಯನ್ನು ನಾನೇ ಮುಂದೆ, ಸೀಟಿನ ಮಗ್ಗುಲಿಗೆ ಇಟ್ಟೆ.

ಬಸವನ ಬಾಗೇವಾಡಿ ಮುಟ್ಟುವ ಮೊದಲೇ ಪೆಟ್ರೋಲಿನ ಘಾಟು. ಗಾಡಿ ನಿಲ್ಲಿಸಿ, ಡ್ರೈವರ್ ಮೌಲಾಸಾಬ ಬಾನೆಟ್ ತೆರೆದು ಪೈಪುಗಳನ್ನೆಲ್ಲ ಸವರಿ ನೋಡಿದ. ಎಲ್ಲೂ ಹಸಿಯಿಲ್ಲ. ನಾನು ನೆಲಕ್ಕೆ ಬಿದ್ದು ಗಾಡಿಯ ಹೊಟ್ಟೆಯನ್ನು ಪರೀಕ್ಷಿಸಿದೆ. ಸೀಟು ಎತ್ತಿ ನೋಡೆಂದರೆ ಅವನು ಅರ್ಧಕ್ಕೆ ಎತ್ತಿ, “ಅರಿವಿ ಐತ್ರಿ ಅಣ್ಣಾರ, ಭದ್ರ ಐತಿ” ಎಂದ. ಅಷ್ಟರಲ್ಲಿ ಚಿಗವ್ವ, ಬೆಳಿಗ್ಗೆ ಗಾಡಿ ಒರೆಸಿದ ನನ್ನ ಅಂಗಿಯದೇ ಈ ನಾತವೆಂದು ತೀರ್ಪು ಕೊಟ್ಟಳು. ವಿಜಾಪುರದಲ್ಲಿ ಅಂಗಿ ಬದಲಿಸಿದೆ. ವಾಸನೆ ಬದಲಾಗಲಿಲ್ಲ. ಕಡೆಗೆ ನನಗೆ ನನ್ನ ಕೈ, ನನ್ನ ಉಸಿರು, ದಾರಿಯ ಬೇವಿನ ಗಿಡಗಳು ಎಲ್ಲವೂ ಪೆಟ್ರೋಲೇ ನಾರತೊಡಗಿದವು.

ಹೊರ್ತಿಯಲ್ಲಿ ಪಂಕ್ತಿಯ ನಡುವೆ ಭಾವನ ಕಾಕಾ ರೊಟ್ಟಿಯನ್ನು ಮೂಗಿಗೆ ಹಿಡಿದು, “ಏನ್ರಿ ಬೀಗರ, ಹಿಟ್ಟು ಪೆಟ್ರೋಲ್ನಾಗ ನಾದೀರೇನು? ಇದನ್ನ ತಿಂದವರನ್ನ ನಾಳೆ ಹ್ಯಾಂಡಲ್ ಹಾಕಿ ಎಬ್ಬಿಸಬೇಕಾಕ್ಕೈತಿ” ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬುಟ್ಟಿ ಇಟ್ಟವರು ಯಾರೆಂದು ಕೇಳಿದಾಗ ಚಿಗವ್ವ ನನ್ನತ್ತ ಬೆರಳು ತೋರಿದಳು. ಹಸಿರು ಸೀರೆಯಲ್ಲಿ ಕುಳಿತಿದ್ದ ಗಂಗವ್ವ ತಲೆಯೆತ್ತಲಿಲ್ಲ.

ವಿಚಿತ್ರವೆಂದರೆ, ಮರಳುವಾಗ ವಾಸನೆಯೇ ಇರಲಿಲ್ಲ. ಯಾರೂ ಏನನ್ನೂ ದುರಸ್ತಿ ಮಾಡಿರಲಿಲ್ಲ. ಮೌಲಾಸಾಬನನ್ನು ಕೇಳಿದರೆ “ಗಾಳಿಗೆ ಹೋತ್ರಿ” ಎಂದ. ತಿಂಗಳುಗಟ್ಟಲೆ ನಾನು ಆ ಗಾಡಿಯನ್ನು ಮೂಸಿ ಮೂಸಿ ನೋಡಿದೆ. ಮನೆಯವರು ನನ್ನ ಮೂಗಿನ ಮೇಲೆಯೇ ಸಂಶಯಪಟ್ಟರು.

ಇದನ್ನೆಲ್ಲ ಇಂದು ಮತ್ತೊಮ್ಮೆ ಸವಿಸ್ತಾರವಾಗಿ ಹೇಳಿ ಮುಗಿಸಿದಾಗ, ಗಂಗವ್ವ ಬಾಯಿ ತೆರೆದಳು. ಹೊರ್ತಿಯಲ್ಲಿ ಊಟವಾದ ಮೇಲೆ ಪೆಟ್ರೋಲ್ ಸುರಿಯಲು ಸೀಟು ಎತ್ತಿದ ಮೌಲಾಸಾಬ ಅವಳನ್ನು ಮೆಲ್ಲಗೆ ಕರೆದನಂತೆ. ಟಾಕಿಯ ಬಾಯಲ್ಲಿದ್ದುದು ಹಳೆಯ ಅರಿವೆಯಲ್ಲ. ಕುಬಸದ ರವಿಕೆ ಹೊಲಿಸುವ ಹೊಸ ಖಣ. ಅದರ ತುದಿ ಪೆಟ್ರೋಲ್ ಹೀರಿ ಬುಟ್ಟಿಯ ಕಡೆಗೆ ಇಳಿದಿತ್ತು.

“ನೋಡಿದ ಕೂಡ್ಲೆ ಗುರುತು ಸಿಕ್ತು. ಅವ್ವನ ಪೆಟಗ್ಯಾಗ ಇದ್ದದ್ದು. ತಾ ಬರಾಕ ಆಗಲಿಲ್ಲಲ್ಲ, ಅದನ್ನರ ಕಳಿಸ್ಯಾಳ. ಬುಟ್ಟ್ಯಾಗ ಇಟ್ರ ಚಿಗವ್ವ ನೋಡತಾಳಂತ ಮೌಲಾಸಾಬಗ ಹೇಳಿ ಅಲ್ಲಿ ತುರುಕಿಸಿದ್ಲು. ಅದನ್ನ ತಕ್ಕೊಂಡು, ಹಳೇ ಸೀರಿ ತುಂಡು ಬಿಗಿ ಸುತ್ತಿ ತುರುಕಿದೆ.”

ಗಂಡ ಸತ್ತವಳ ಖಣ ಕುಬಸಕ್ಕೆ ಬಂದಿತ್ತೆಂದು ತಿಳಿದಿದ್ದರೆ ಆ ಪಂಕ್ತಿ ನಗುತ್ತಿರಲಿಲ್ಲ, ಎದ್ದೇ ಹೋಗುತ್ತಿತ್ತು. ಅದು ನನಗೂ ಅರ್ಥವಾಯಿತು. ಆದರೂ, ನನಗಾದರೂ ಹೇಳಬಹುದಿತ್ತಲ್ಲವೇ ಎಂದೆ.

“ನೀ ಜಗಳಕ್ಕ ನಿಂತು ಎಲ್ಲರ ಮುಂದ ಹೇಳಿಬಿಡತಿದ್ದಿ ಅಣ್ಣ.”

ಇದನ್ನು ಹೊಸ ಅವಮಾನವೆಂದು ಎಣಿಸಬೇಕೋ ಬೇಡವೋ, ನನಗೆ ತಿಳಿಯುತ್ತಿಲ್ಲ. ಅಂದು ಮನೆಗೆ ಮರಳಿ ಅವ್ವನ ಮುಂದೆ ಕುಳಿತು, ಆ ವಾಸನೆಯನ್ನೂ ಅದಕ್ಕೆ ಕಾರಣರಾದವರನ್ನೂ ಮನಸಾರೆ ಬೈದಿದ್ದೆ. ನಾನಂದ ಒಂದೊಂದು ಮಾತೂ ನೆನಪಿದೆ. ಅವಳು ಏನೆಂದಳೆಂಬುದು ಮಾತ್ರ, ಬೆಳಗಿನಿಂದ ಕುಳಿತು ಯೋಚಿಸಿದರೂ, ನೆನಪಾಗುತ್ತಿಲ್ಲ.